ನೋವಿನ ಚೌಕಾಸಿ

ನಮ್ಮ ಯಜಮಾನರು ಕೊಟ್ರೇಶ ಸಾವುಕಾರರು ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ. ರೈತ ತಂದ ಭತ್ತದ ಕಾಳನ್ನು ಹಲ್ಲಿನಲ್ಲಿ ಕಡಿದು, ಅದು ಎಷ್ಟೇ ಒಣಗಿರಲಿ, ದರ ಇಳಿಸಲು "ಹಸಿ ಅದ" ಅನ್ನುವುದು ಅವರ ಧರ್ಮ. ಇದ್ದದ್ದನ್ನು ಇದ್ದ ಹಾಗೆ ಮೊದಲ ಮಾತಿಗೇ ಹೇಳಿಬಿಟ್ಟರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಉಂಡದ್ದೇನೋ ನೂರಾ ಮೂವತ್ತೆಂಟು ಕಿಲೋ ಆಗಿ ಮೈಮೇಲೆಯೇ ಉಳಿದಿತ್ತು. ಕೊನೆಗೆ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಆಪರೇಷನ್ ಆಯಿತು. ನಾನು ಇಪ್ಪತ್ತೆರಡು ವರ್ಷ ರೊಟ್ಟಿ ಬಡಿದು ತುಂಬಿಸಿದ ಹೊಟ್ಟೆಯ ಮುಕ್ಕಾಲು ಪಾಲನ್ನು ಒಂದು ಮುಂಜಾನೆಯಲ್ಲಿ ತೆಗೆದುಹಾಕಿದರು.

ಅರಿವಳಿಕೆ ಡಾಕ್ಟರ್ ಉಮಾಶ್ರೀ ದೇವದುರ್ಗದ ಕಡೆಯವರು. ಹೊಟ್ಟೆಯ ಎರಡೂ ಪಕ್ಕಕ್ಕೆ ನರ ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು, "ನಾಳಿ ಮುಂಜಾನಿ ತನಕ ಗಾಯದ ನೋವು ಗೊತ್ತಾಗಂಗಿಲ್ರಿ" ಅಂದಿದ್ದರು. ಗೊತ್ತಾಗಲೂ ಇಲ್ಲ. ಸಂಜೆ ಸಾವುಕಾರರು ಮಂಚಕ್ಕೆ ಒರಗಿ, ಫೋನಿನಲ್ಲಿ ಗಿರಣಿಯ ಹಮಾಲರನ್ನು ಸೊಗಸಾಗಿ ಬೈಯುತ್ತಿದ್ದರು.

ಆಗ ನರ್ಸ್ ಹೀರಾಬಿ ಬಂದಳು. "ಸಾವುಕಾರ್ರ, ನೋವು ಸೊನ್ನಿಯಿಂದ ಹತ್ತರಾಗ ಎಷ್ಟು ಅದರಿ?"

ಅವರು ಫೋನ್ ಕೆಳಗಿಟ್ಟು ಮುಖ ಸಣ್ಣದು ಮಾಡಿಕೊಂಡರು. "ಎಂಟು."

ಆಕೆ ನಾಲ್ಕಕ್ಕೆ ಕೇಳುತ್ತಾಳೆ, ಆರಕ್ಕೆ ಕುದುರುತ್ತದೆ ಅಂತ ಅವರ ಲೆಕ್ಕ. ಆಕೆ ಚೌಕಾಸಿ ಮಾಡಲೇ ಇಲ್ಲ. ಎಂಟು ಅಂತ ಬರೆದುಕೊಂಡು ಹೊರಟೇ ಹೋದಳು. ತಮ್ಮ ಮೊದಲ ಮಾತನ್ನು ನಂಬುವ ಮನುಷ್ಯರನ್ನು ಅವರು ಜನ್ಮದಲ್ಲೇ ಕಂಡಿರಲಿಲ್ಲ.

ಡಾಕ್ಟರ್ ಓಡಿ ಬಂದರು. ಸ್ಪಿರಿಟ್ ಹತ್ತಿಯನ್ನು ಹೊಟ್ಟೆಗೆ ಮುಟ್ಟಿಸಿ, "ತಣ್ಣಗ ಅನಸ್ತದೇನ್ರಿ?" ಅಂದರು.

"ಇಲ್ಲ."

"ಅಂದ್ರ ಇಂಜೆಕ್ಷನ್ ಹಿಡದದ. ಹಂಗಿದ್ದೂ ಎಂಟು ಅಂದ್ರ ನೋವು ಒಳಗಿಂದು. ಹೊಲಿಗಿ ಬಿಟ್ಟು ಸೋರಾಕತ್ತಿರಬೇಕು. ಸ್ಕ್ಯಾನ್ ಮಾಡಿ ನೋಡ್ತೀವಿ. ಜರೂರ ಬಿದ್ರ ಇವತ್ತ ಇನ್ನೊಂದು ಆಪರೇಷನ್."

ಯಜಮಾನರ ಮುಖ ಬಿಳಿಚಿಕೊಂಡಿತು. "ಏಳು ಮಾಡ್ಕೋರಿ," ಅಂದರು. ಡಾಕ್ಟರ್ ದಿಟ್ಟಿಸಿ ನೋಡಿದರು. "ಆರು. ಹೋಗ್ಲಿ, ಐದೂವರಿ."

ನನಗೆ ನಗುವೂ ಬಂತು, ದಿಗಿಲೂ ಆಯಿತು. ಒಳಗೆ ನಿಜವಾಗಿಯೂ ಸೋರುತ್ತಿದ್ದರೆ? ಈ ಮನುಷ್ಯನ ಬಾಯಿಂದ ನಿಜ ಹೊರಡಿಸುವುದು ಹೇಗೆ?

"ರೀ, ಅವರು ಭತ್ತ ಮಾರಾಕ ಬಂದಿಲ್ಲ. ಇದ್ದದ್ದು ಇದ್ದಂಗ ಹೇಳ್ರಿ," ಅಂದೆ.

ಅವರು ಅರ್ಧ ಆಸ್ತಿ ಬರೆದುಕೊಟ್ಟವರ ಹಾಗೆ "ಸೊನ್ನಿ" ಅಂದರು.

ಡಾಕ್ಟರ್ ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಸ್ಕ್ಯಾನ್ ಮಾಡಿಸಿಯೇ ಬಿಟ್ಟರು. ಒಳಗೆಲ್ಲ ಸರಿಯಾಗಿತ್ತು.

ಮರುದಿನ ಬೆಳಿಗ್ಗೆ ಜೋಮು ಇಳಿಯಿತು. ಗಿರಣಿಯಿಂದ ಬಂದ ಫೋನನ್ನು ಅವರು ಎತ್ತಲಿಲ್ಲ. ಚಾದರವನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ್ದರು, ಹಣೆಯ ತುಂಬ ಬೆವರು. ಹೀರಾಬಿ ಬಂದು ನೋವು ಎಷ್ಟು ಅಂತ ಕೇಳಿದಳು.

"ಒಂದು," ಅಂದರು.

ಹೆಚ್ಚು ಹೇಳಿದರೆ ಮತ್ತೆ ಕೊಯ್ಯುತ್ತಾರೆ ಅನ್ನುವ ಹೆದರಿಕೆ. ಹೀರಾಬಿ ಬರೆಯದೆ ನನ್ನ ಮುಖ ನೋಡಿದಳು.

"ಆರು ಬರ್ಕೋ ಯವ್ವಾ," ಅಂದೆ. "ಇಂಜೆಕ್ಷನ್ ಇಳದು ಗಾಯ ನೋಯಾಕತ್ತದ. ಔಷಧ ಕೊಡ್ರಿ ಅಂತ ಡಾಕ್ಟರಿಗೆ ಹೇಳು."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ನಾನು ಹೇಳಿದ ದರಕ್ಕೆ ನನ್ನ ಗಂಡ ಎದುರಾಡಲಿಲ್ಲ. ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹುಡುಕಿ ಹಿಡಿದುಕೊಂಡರು.