ನಿಯ್ಯತ್ತಿಲ್ಲದ ಉಪವಾಸ

ಕಾರು ಎರಡನೆಯ ಸಲ ರಸ್ತೆಯ ನಡುಗೆರೆ ದಾಟಿ ಬಲಕ್ಕೆ ಸರಿದಾಗ ಎದುರಿನಿಂದ ಬರುತ್ತಿದ್ದ ಟ್ಯಾಂಕರಿನವನು ಉದ್ದಕ್ಕೆ ಹಾರ್ನ್ ಒತ್ತಿದ. ಸೌದಾ ಮುಂದಕ್ಕೆ ಕೈ ಊರಿ ಗಂಡನ ಮುಖ ನೋಡಿದಳು. ಇದಿನಬ್ಬ ನಿಧಾನಕ್ಕೆ, ಯಾರದೋ ಕಾರು ಓಡಿಸುವವನ ಹಾಗೆ, ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದ. ಟ್ಯಾಂಕರ್ ದಾಟಿ ಹೋದ ಗಾಳಿಗೆ ಕಾರು ಒಮ್ಮೆ ಅದುರಿತು.

"ನಿದ್ದೆ ಬರ್ತದಾ ನಿಮಗೆ?"

"ನಿದ್ದೆ ಎಂತಕ್ಕೆ? ರಸ್ತೆ ಸರಿ ಇಲ್ಲ."

ರಸ್ತೆ ಸರಿಯಾಗಿಯೇ ಇತ್ತು. ಪಡುಬಿದ್ರೆಯಲ್ಲಿ ಹೆದ್ದಾರಿ ಬಿಟ್ಟು ಕಾರ್ಕಳದ ದಾರಿ ಹಿಡಿದಾಗಿತ್ತು. ನಂದಿಕೂರಿನ ಎತ್ತರದ ಹೊಗೆ ಕೊಳವೆ ಎಡಗಡೆಯ ಕಿಟಕಿಯಲ್ಲಿ ನಿಂತ ಹಾಗೇ ನಿಂತಿತ್ತು. ಕಾರ್ಕಳದಲ್ಲಿ ಮಗಳು ಸಬೀನಾ ಕಾಯುತ್ತಿದ್ದಳು. ಅಳಿಯ ರಿಯಾಝ್ ಹೊಸ ಮನೆ ಕಟ್ಟಿ ಅತ್ತೆ ಮಾವನನ್ನು ಮೊದಲ ಸಲ ಊಟಕ್ಕೆ ಕರೆದಿದ್ದ. ಹಿಂದಿನ ಸೀಟಿನಲ್ಲಿ ಕಾಪುವಿನಿಂದ ತಂದ ಒಣಮೀನಿನ ಕಟ್ಟು ನಾರುತ್ತಿತ್ತು. ಅದಕ್ಕೇ ಎಸಿ ಹಾಕಿ ಗಾಜು ಏರಿಸಲು ಆಗದು ಎಂದು ಸೌದಾ ಹೊರಡುವಾಗಲೇ ಗೊಣಗಿದ್ದಳು. ಇದಿನಬ್ಬ ಹಟಕ್ಕೆ ಹಾಕಿದ್ದ. ಈಗ ಆ ತಂಪಿನಲ್ಲಿಯೂ ಅವನ ಕಿವಿಯ ಪಕ್ಕದಲ್ಲಿ ಬೆವರು ಇಳಿಯುತ್ತಿತ್ತು.

ಇವನ ಈ ತಿಂಡಿ ಬಿಡುವ ಹುಚ್ಚು ಶುರುವಾದದ್ದು ಒಂದು ವೀಡಿಯೋದಿಂದ. ಟೈ ಕಟ್ಟಿದ ಡಾಕ್ಟರರೊಬ್ಬರು ಮೊಬೈಲಿನಲ್ಲಿ ಕೂತು, ಬೆಳಗ್ಗಿನ ತಿಂಡಿ ರಾಜನ ಹಾಗೆ ತಿನ್ನಬೇಕು ಎಂಬುದೆಲ್ಲ ಬರೀ ಕಟ್ಟುಕತೆ, ಹೊಟ್ಟೆಗೂ ರಜೆ ಬೇಕು ಎಂದು ಹೇಳಿದ್ದರು. ದಮ್ಮಾಮಿನ ಗೋದಾಮಿನಲ್ಲಿ ಅರ್ಧ ಆಯುಷ್ಯ ಕಳೆದು ಊರಿಗೆ ಬಂದು ಕೂತ ಇದಿನಬ್ಬನಿಗೆ ಮಾಡಲು ಬೇರೆ ಎಂತ ಕೆಲಸ? ರಾತ್ರಿ ಬೇಗ ಉಣ್ಣುವುದು, ಆಮೇಲೆ ಮರುದಿನ ಮಧ್ಯಾಹ್ನದವರೆಗೆ ನೀರು, ಸಕ್ಕರೆ ಇಲ್ಲದ ಕಪ್ಪು ಚಾ, ಅಷ್ಟೇ. ಸೌದಾ ನೀರುದೋಸೆ ಹೊಯ್ದು ಮುಂದೆ ಇಟ್ಟರೆ ಬಟ್ಟಲನ್ನು ಒಂದು ಬೆರಳಿನಿಂದ ಆಚೆ ದೂಡುತ್ತಿದ್ದ. ಮೀನು ಮಾರುಕಟ್ಟೆಯಲ್ಲಿ, ಮಸೀದಿಯ ಮೆಟ್ಟಿಲಲ್ಲಿ, ಕಂಡವರಿಗೆಲ್ಲ ಭಾಷಣ. "ಎರಡು ಗಂಟೆಗೊಮ್ಮೆ ತಿನ್ನಿ ಅಂತ ಹೇಳಿದವ ಯಾರು ಗೊತ್ತುಂಟಾ? ಬಿಸ್ಕುಟು ಮಾರುವವ ಮಾರಾಯ."

ತಮಾಷೆಯೆಂದರೆ ಅವನು ಹೇಳಿದ ಹಾಗೇ ಆಯಿತು. ಹೊಟ್ಟೆ ಇಳಿಯಿತು, ಮೊಣಕಾಲು ನೋವು ಹೋಯಿತು, ರಕ್ತ ಪರೀಕ್ಷೆಯ ಹುಡುಗಿ ಕೂಡ ಚೀಟಿಯನ್ನು ಎರಡು ಸಲ ನೋಡಿದಳು. ಅದೇ ಸೌದಾಳಿಗೆ ಹೆದರಿಕೆ ಹುಟ್ಟಿಸಿತು. ಮದುವೆ ಮನೆಗಳಲ್ಲಿ ಹೆಂಗಸರು ಅವಳನ್ನು ಮೂಲೆಗೆ ಕರೆದು, "ಎಂತ ಸೌದಾ, ನಿನ್ನ ಯಜಮಾನರಿಗೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದ್ದೀಯಾ?" ಎಂದು ಪಿಸುಗುಟ್ಟುತ್ತಿದ್ದರು. ಊರಬಾಯಿಗೆ ಬೀಗ ಹಾಕುವವರು ಯಾರು. ಉಣ್ಣದ ಗಂಡನ ಹೆಂಡತಿಯನ್ನು ಯಾರೂ ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ.

ಊಟದ ಹಟದಲ್ಲಿ ಅವನು ಗೆದ್ದಿದ್ದ. ಮಾತ್ರೆಯ ವಿಷಯದಲ್ಲಿ ಮಾತ್ರ ಸೌದಾ ಸೋಲಲಿಲ್ಲ. ಶುಗರಿನ ಮಾತ್ರೆ ಒಂದು ದಿನವೂ ತಪ್ಪಬಾರದು ಎಂಬುದು ಡಾಕ್ಟರರೇ ಅವಳಿಗೆ ಕಲಿಸಿಕೊಟ್ಟ ಪಾಠ. ರಂಜಾನಿನ ನೋಂಬಿನಲ್ಲಿ ಡಾಕ್ಟರರು ಮಾತ್ರೆಯನ್ನು ಸಂಜೆಗೆ, ನೋಂಬು ಬಿಡುವ ಹೊತ್ತಿಗೆ ಬದಲಿಸಿ ಬರೆದು ಕೊಡುತ್ತಿದ್ದರು. ಅದು ಕೇರಿಗೆಲ್ಲ ಗೊತ್ತಿದ್ದ ವಿಷಯ. ಆದರೆ ಇದು ನೋಂಬು ಅಲ್ಲವಲ್ಲ. ನಾಳೆ ಅಲ್ಲಾಹನಿಗಾಗಿ ನೋಂಬು ಹಿಡಿಯುತ್ತೇನೆ ಎಂದು ಇವನು ನಿಯ್ಯತ್ತು ಮಾಡುವುದಿಲ್ಲ, ನಸುಕಿನಲ್ಲಿ ಅತ್ತಾಳದ ಊಟಕ್ಕೆ ಏಳುವುದಿಲ್ಲ, ನೀರು ಬೇಕಾದಷ್ಟು ಕುಡಿಯುತ್ತಾನೆ. ನಿಯ್ಯತ್ತು ಇಲ್ಲದ್ದು ಉಪವಾಸವೇ ಅಲ್ಲ, ಬರೀ ತಿಂಡಿ ಬಿಡುವುದು. ನೀರು ಇಳಿಯುವ ಗಂಟಲಿನಲ್ಲಿ ಮಾತ್ರೆ ಇಳಿಯಲಿಕ್ಕೆ ಎಂತ ಅಡ್ಡಿ?

ಇವತ್ತು ಬೆಳಿಗ್ಗೆ ಅವನೇ ಒಮ್ಮೆ ಅಂದಿದ್ದ. ಅಳಿಯನ ಮನೆಯ ಊಟಕ್ಕೆ ಜಾಗ ಇರಲಿ ಎಂದು ನಿನ್ನೆ ರಾತ್ರಿ ಕೂಡ ಉಣ್ಣದೆ ಮಲಗಿದವನು, ಕಡಲ ಬದಿಯಲ್ಲಿ ನಡೆದು ಬಂದು, "ಇವತ್ತು ಮಾತ್ರೆ ಬೇಡ ಮಾರಾಯ್ತಿ, ಹೊಟ್ಟೆಯಲ್ಲಿ ಎಂತದೂ ಇಲ್ಲ" ಎಂದಿದ್ದ. ಸೌದಾ ಬಿಡಲಿಲ್ಲ. "ಮಧ್ಯಾಹ್ನ ಬಿರಿಯಾನಿ ತಿನ್ಲಿಕ್ಕೆ ಉಂಟಲ್ಲ, ಅದಕ್ಕೇ ಬೇಕಾದ್ದು" ಎಂದು ಅಂಗೈಯಲ್ಲಿ ಮಾತ್ರೆ ಇಟ್ಟು, ಅವನ ಗಂಟಲಿನ ಗಂಟು ಮೇಲೆ ಕೆಳಗೆ ಆಗುವ ತನಕ ಎದುರು ನಿಂತಿದ್ದಳು.

"ಸೌದಾ," ಎಂದ ಇದಿನಬ್ಬ ಈಗ. ಸ್ವರ ದಪ್ಪವಾಗಿತ್ತು. "ಅರ್ಶದನನ್ನು ನಾವು ಎಲ್ಲಿ ಬಿಟ್ಟದ್ದು?"

ಅವಳು ಥಟ್ಟನೆ ಅವನ ಕಡೆ ತಿರುಗಿದಳು. ಮಗ ಅರ್ಶದ್ ದುಬೈಗೆ ಹೋಗಿ ಎಷ್ಟೋ ವರ್ಷವಾಗಿತ್ತು.

"ಕಾರು ನಿಲ್ಲಿಸಿ."

"ಎಂತಕ್ಕೆ? ಸುಮ್ಮನೆ ಕೂರು."

ನಿಮಗೆ ಹುಷಾರಿಲ್ಲ ಎಂದರೆ ಈ ಮನುಷ್ಯ ಇನ್ನಷ್ಟು ಜೋರು ಓಡಿಸುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಬಾಯಿಗೆ ಶಾಲು ಒತ್ತಿ ಹಿಡಿದು, "ನನಗೆ ವಾಂತಿ ಬರ್ತದೆ, ಒಮ್ಮೆ ನಿಲ್ಲಿಸಿ" ಎಂದಳು. ಅವನು ಬೈಯುತ್ತಾ ಬ್ರೇಕ್ ಒತ್ತಿದ. ಕಾರು ಒಂದು ಗೂಡಂಗಡಿಯ ಮುಂದೆ, ಅರ್ಧ ಮಣ್ಣಿನಲ್ಲಿ ಅರ್ಧ ಟಾರಿನಲ್ಲಿ ನಿಂತಿತು. ಸೌದಾ ಕೈ ಚಾಚಿ ಕೀಲಿ ತಿರುಗಿಸಿ ಎಳೆದು ಮುಷ್ಟಿಯೊಳಗೆ ಇಟ್ಟುಕೊಂಡಳು. ಅವನು ಅದನ್ನು ನೋಡಿದ, ಏನೂ ಕೇಳಲಿಲ್ಲ. ಕೇಳದೆ ಇದ್ದದ್ದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಅಂಗಡಿಯ ಹೆಂಗಸು ಗುಣವತಿ ಎಳನೀರಿನ ಬೊಂಡ ಕೆತ್ತುವ ಕತ್ತಿಯನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಇಬ್ಬರೂ ಸೇರಿ ಅವನನ್ನು ಇಳಿಸಿ ಅಂಗಡಿಯ ಬೆಂಚಿನಲ್ಲಿ ಕೂರಿಸಿದರು. ಅವನ ಅಂಗಿ ಬೆನ್ನಿಗೆ ಅಂಟಿತ್ತು, ಕೈ ಹಿಡಿದರೆ ಮಂಜುಗಡ್ಡೆಯ ಪೆಟ್ಟಿಗೆಯಿಂದ ತೆಗೆದ ಮೀನಿನಷ್ಟು ತಣ್ಣಗೆ.

"ಪಿತ್ತ ಏರಿದ್ದು ಅಕ್ಕಾ," ಎಂದಳು ಗುಣವತಿ. "ಬಿಸಿಲು ನೋಡಿ ಹೇಗೆ ಉಂಟು. ಲಿಂಬೆ ಶರಬತ್ತು ಮಾಡ್ತೇನೆ, ಒಂದೇ ಗಳಿಗೆಯಲ್ಲಿ ಸರಿಯಾಗ್ತದೆ."

"ಸಕ್ಕರೆ ಹಾಕಬೇಡಿ. ಇವರಿಗೆ ಶುಗರ್ ಉಂಟು."

"ಹೌದಾ? ಹಾಗಾದರೆ ಬರೀ ಉಪ್ಪು ಹಾಕ್ತೇನೆ."

ಸೌದಾ ತಾನೇ ಲೋಟ ಹಿಡಿದು ಕುಡಿಸಿದಳು. ಎರಡು ಗುಟುಕು ಇಳಿಯಿತು, ಮೂರನೆಯದು ಗಡ್ಡದ ಮೇಲೆ ಇಳಿಯಿತು. ಇದಿನಬ್ಬ ಅವಳ ಕೈಯನ್ನು ದೂಡಿ, "ಬೇಡ, ಇನ್ನೂ ಹೊತ್ತಾಗಲಿಲ್ಲ" ಎಂದ. ಆಮೇಲೆ ಬೆಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ, ದೋಣಿಯಲ್ಲಿ ಕೂತವನ ಹಾಗೆ. ಅವನ ಕಣ್ಣು ಅವಳ ಮೇಲೆಯೇ ಇತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ.

ಸೌದಾ ನೌಶೀನಳಿಗೆ ಫೋನು ಮಾಡಿದಳು. ನೌಶೀನ್ ನಾದಿನಿಯ ಮಗಳು, ಮಣಿಪಾಲದಲ್ಲಿ ನರ್ಸ್. ಆ ಕಡೆ ರಿಂಗ್ ಆಗುವಷ್ಟು ಹೊತ್ತು ಅವಳು ಗೊತ್ತಿದ್ದ ಕುರಾನಿನ ಎಲ್ಲ ಆಯತ್ತುಗಳನ್ನೂ ಅರ್ಧರ್ಧ ಓದಿದಳು.

"ಮಾಮಿ, ಬೆವರು ಉಂಟಾ? ಮೈ ತಣ್ಣಗೆ ಉಂಟಾ? ಮಾತು ಅಡ್ಡಾದಿಡ್ಡಿ?"

"ಎಲ್ಲ ಉಂಟು. ನಿನ್ನೆಯಿಂದ ಎಂತದೂ ತಿನ್ನಲಿಲ್ಲ."

"ಮಾತ್ರೆ? ಬೆಳಿಗ್ಗೆ ಶುಗರಿನ ಮಾತ್ರೆ ತಗೊಂಡಿದ್ದಾರಾ?"

ಸೌದಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಗೊತ್ತಿಲ್ಲ ಎನ್ನಬಹುದಿತ್ತು. ಅವರೇ ತಗೊಂಡರೋ ಏನೋ ಎನ್ನಬಹುದಿತ್ತು. ಗುಣವತಿ ಬೇರೆ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

"ಮಾಮಿ, ಕೇಳ್ತದಾ?"

"ನಾನು ಕೊಟ್ಟೆ," ಎಂದಳು ಸೌದಾ. "ಅವರು ಬೇಡ ಅಂತ ಹೇಳಿದರು. ನಾನೇ ಒತ್ತಾಯ ಮಾಡಿ ನುಂಗಿಸಿದೆ."

"ಸಕ್ಕರೆ ಕೊಡಿ. ಈಗಲೇ," ಎಂದಳು ನೌಶೀನ್.

"ಸಕ್ಕರೆಯಾ? ಶುಗರಿನವರಿಗೆ ಸಕ್ಕರೆ ಎಂದರೆ ವಿಷ ಅಲ್ವಾ?"

"ಈಗ ಅವರ ರಕ್ತದಲ್ಲಿ ಸಕ್ಕರೆ ಇಲ್ಲ ಮಾಮಿ, ಅದೇ ಆದದ್ದು. ಗುಟುಕು ಇಳೀತದಾದರೆ ನೀರಿನಲ್ಲಿ ಕಲಸಿ ಕುಡಿಸಿ. ಇಳಿಯದಿದ್ದರೆ ಹೊಯ್ಯಬೇಡಿ, ಕೆನ್ನೆಯ ಒಳಗೆ ಉಜ್ಜಿ. ಯೋಚನೆ ಮಾಡ್ಲಿಕ್ಕೆ ಹೊತ್ತು ಇಲ್ಲ."

ಗುಣವತಿ ಅಷ್ಟರಲ್ಲಿ ಸಕ್ಕರೆಯ ಡಬ್ಬವನ್ನೇ ತಂದು ಮುಂದೆ ಹಿಡಿದಿದ್ದಳು. ಸೌದಾ ಕೈ ಹಾಕಿದಳು. ಕೈ ಡಬ್ಬದೊಳಗೇ ನಿಂತಿತು. ಒಂಬತ್ತು ವರ್ಷದಿಂದ ಮನೆಯ ಸಕ್ಕರೆಯನ್ನು ಗಂಡನಿಗೆ ಸಿಗದ ಹಾಗೆ ಅಕ್ಕಿ ಮುಡಿಯ ಹಿಂದೆ ಅಡಗಿಸಿಟ್ಟ ಕೈ ಅದು. ಬೆಳಿಗ್ಗೆ ಇದೇ ಕೈಯಲ್ಲಿ ಕೊಟ್ಟದ್ದು ಔಷಧ ಎಂದುಕೊಂಡಿದ್ದಳು. ಈಗ ಇದೂ ತಪ್ಪಾದರೆ? ನೌಶೀನ್ ಇನ್ನೂ ಸಣ್ಣ ಹುಡುಗಿ. ಫೋನಿನಲ್ಲಿ ಮುಖ ನೋಡದೆ ಹೇಳಿದ್ದು. ಇದಿನಬ್ಬನ ತಲೆ ಎದೆಯ ಕಡೆಗೆ ಜೋತುಬಿತ್ತು.

"ಹಾಕಿ ಅಕ್ಕಾ," ಎಂದಳು ಗುಣವತಿ ಮೆಲ್ಲಗೆ. "ನಾನು ಹಿಡ್ಕೊಳ್ತೇನೆ."

ಗುಣವತಿ ಹಿಂದಿನಿಂದ ತಲೆಯನ್ನು ತನ್ನ ಸೊಂಟಕ್ಕೆ ಒರಗಿಸಿ ಹಿಡಿದಳು. ಸೌದಾ ಅಲ್ಲಾಹನ ಹೆಸರೆತ್ತಿ ಬಿಸ್ಮಿ ಹೇಳಿ ಎರಡು ಬೆರಳಿಗೆ ಸಕ್ಕರೆ ಅಂಟಿಸಿ ಅವನ ತುಟಿಯ ಎಡೆಯಲ್ಲಿ ತೂರಿಸಿದಳು. ಹಲ್ಲು ಕಚ್ಚಿಕೊಂಡಿತ್ತು. ಕೆನ್ನೆಯ ಒಳಗೆ, ವಸಡಿನ ಉದ್ದಕ್ಕೆ ಉಜ್ಜಿದಳು. ಇನ್ನೊಮ್ಮೆ. ಮತ್ತೊಮ್ಮೆ. ಅರ್ಧ ಸಕ್ಕರೆ ಬಾಯಿಗೆ, ಅರ್ಧ ಗಡ್ಡಕ್ಕೆ. ರಸ್ತೆಯಲ್ಲಿ ಒಂದು ಬಸ್ಸು ನಿಧಾನ ಮಾಡಿತು, ಕಿಟಕಿಯ ಮುಖಗಳೆಲ್ಲ ಈ ಕಡೆ ತಿರುಗಿದವು, ಬಸ್ಸು ಹೋಯಿತು. ಏನೂ ಆಗಲಿಲ್ಲ. ಅವನ ಬಾಯಿಯೊಳಗಿನ ಬಿಸಿ ಬೆರಳಿಗೆ ತಾಗುತ್ತಿತ್ತು. ಆ ಬಿಸಿ ಇರುವಷ್ಟು ಹೊತ್ತು ಬೆರಳು ತೆಗೆಯಬಾರದು ಎಂದು ಅವಳಿಗೆ ಅನಿಸಿತು.

ಆಮೇಲೆ ಅವನ ನಾಲಿಗೆ ಅವಳ ಬೆರಳನ್ನು ಹುಡುಕಿತು. ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಇಳಿಯಿತು.

ಸಕ್ಕರೆ ನೀರು ಒಂದು ಲೋಟ ಇಳಿಯುವ ಹೊತ್ತಿಗೆ ಇದಿನಬ್ಬನ ಕಣ್ಣಿಗೆ ಅವಳು ಕಂಡಳು. "ಎಂತ, ಎಲ್ಲಿ ನಾವು?" ಎಂದ. ಮತ್ತೆ ಬಾಯಿ ಚಪ್ಪರಿಸಿ, "ಇದು ಎಂತ ಕೊಟ್ಟದ್ದು?"

"ಸಕ್ಕರೆ."

"ಯಾರು?"

"ನಾನು."

ಅವನು ಅವಳ ಮುಖವನ್ನೇ ನೋಡಿದ. "ನೀನಾ," ಎಂದ. "ಹಾಗಾದರೆ ನಾನು ಸತ್ತು ಸ್ವರ್ಗದಲ್ಲಿ ಇದ್ದೇನೋ ಏನೋ." ಗುಣವತಿ ನಕ್ಕಳು. ಸೌದಾಳಿಗೆ ನಗು ಬರಲಿಲ್ಲ.

ನೌಶೀನ್ ಮತ್ತೆ ಫೋನು ಮಾಡಿದ್ದಳು. ಬಾಳೆಹಣ್ಣು, ಬನ್ಸ್, ಸಿಕ್ಕಿದ್ದನ್ನು ತಿನ್ನಿಸಿ; ಆ ಮಾತ್ರೆ ಸಂಜೆಯವರೆಗೂ ಕೆಲಸ ಮಾಡ್ತದೆ, ಮತ್ತೆ ಇಳಿಯಬಹುದು; ನಿದ್ದೆ ಮಾಡ್ಲಿಕ್ಕೆ ಬಿಡಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಲೇಬೇಕು. "ಮಾಮ ಊಟ ಬಿಟ್ಟದ್ದೇ ತಪ್ಪು ಅಂತ ಬೈಬೇಡಿ ಮಾಮಿ. ಮೈ ಇಳಿದಿದೆ, ಶುಗರ್ ಇಳಿದಿದೆ. ಹಳೇ ಮಾತ್ರೆಯನ್ನೂ ಇಳಿಸಬೇಕಿತ್ತು. ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಆಗ್ತಿತ್ತು."

ಸೌದಾಳ ಫೋನು ಹೋದ ಕೂಡಲೇ ರಿಯಾಝ್ ಮಾವನನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರ್ಕಳದಿಂದ ಹೊರಟಿದ್ದ. ಇದಿನಬ್ಬ ಬನ್ಸ್ ತಿಂದು ಮುಗಿಸಿ, "ಹೋಗುವ, ಬಿರಿಯಾನಿ ತಣ್ಣಗಾಗ್ತದೆ, ಕೀಲಿ ಕೊಡು" ಎಂದು ಕೈ ಚಾಚಿದ. ಸೌದಾ ಮುಷ್ಟಿ ಬಿಚ್ಚಲಿಲ್ಲ. ಅವನು ಜಗಳ ಮಾಡಲಿಲ್ಲ. ಗೂಡಂಗಡಿಯ ಹಲಗೆಗೆ ಒರಗಿ ಕಣ್ಣು ಮುಚ್ಚಿದ.

"ಮಲಗಬೇಡಿ."

"ಮಲಗಲಿಲ್ಲ."

"ಅರ್ಶದ್ ಎಲ್ಲಿದ್ದಾನೆ?"

"ದುಬೈಯಲ್ಲಿ. ಎಂತಕ್ಕೆ ಕೇಳ್ತೀ?"

"ಸುಮ್ಮನೆ. ಸಬೀನಾಳ ದೊಡ್ಡ ಮಗಳ ಹೆಸರು ಎಂತ?"

"ನಿನಗೆ ಗೊತ್ತಿಲ್ಲವಾ?"

"ನೀವು ಹೇಳಿ."

ಅವನು ಹೇಳಿದ, ಬೇಸರದಿಂದ, ಕಣ್ಣು ಮುಚ್ಚಿಕೊಂಡೇ. ಬೆಳಿಗ್ಗೆಯ ಮಾತ್ರೆಯ ಬಗ್ಗೆ ಅವನು ಕೇಳಲಿಲ್ಲ. ಕೇಳಿದರೆ ಹೇಳಬೇಕಾದ ಮಾತನ್ನು ಅವಳು ಬಾಯಿಯಲ್ಲಿ ಹಿಡಿದುಕೊಂಡು ಕೂತಳು. ರಸ್ತೆಯ ಕಾರ್ಕಳದ ಕಡೆಯ ತಿರುವಿನಲ್ಲಿ ಒಂದೊಂದೇ ಕಾರು ಬಂದು ಹಾದು ಹೋಗುತ್ತಿತ್ತು.

ಅವನ ಬಿಳಿ ಗಡ್ಡದಲ್ಲಿ ಸಕ್ಕರೆಯ ಹರಳುಗಳು ಇನ್ನೂ ಅಂಟಿದ್ದವು. ಬೆಂಚಿನ ಸಂದಿಯಿಂದ ಹೊರಟ ಒಂದು ಇರುವೆ ಅಂಗಿಯ ಗುಂಡಿಗಳನ್ನು ದಾಟಿ, ಕಾಲರು ಏರಿ, ಅವನ ಗದ್ದದ ಬುಡದಲ್ಲಿ ನಿಂತು ಮೀಸೆ ಆಡಿಸಿತು. ಸೌದಾ ಬೆರಳನ್ನು ಅದರ ದಾರಿಗೆ ಅಡ್ಡ ಇಟ್ಟಳು. ಇರುವೆ ಬೆರಳು ಹತ್ತಿತು. ಅವಳು ಅದನ್ನು ಕೊಡವಲಿಲ್ಲ. ಗಂಡನ ಮೂಗಿನ ಉಸಿರು ತಾಗುವಷ್ಟು ಹತ್ತಿರದಲ್ಲಿ ಕೈಯನ್ನು ಹಾಗೆಯೇ ಹಿಡಿದಳು. ಉಸಿರು ಬಂದಾಗಲೆಲ್ಲ ಇರುವೆ ಒಂದು ಗಳಿಗೆ ನಿಂತು, ಮತ್ತೆ ನಡೆಯುತ್ತಿತ್ತು.