ಅರವಿಂದನ ಸೈಟಿಗೆ ಬಂದವರು

ಬೆಳಿಗ್ಗೆ ಎದ್ದ ಕೂಡಲೇ ದೇವರ ಪಟ ನೋಡುವ ಅಭ್ಯಾಸ ತಮಿಳು ಸೀಮೆಯ ಸಿಂಗಾನಲ್ಲೂರಿನ ಅರವಿಂದನಿಗೆ ಇರಲಿಲ್ಲ. ಅವನು ನೋಡುತ್ತಿದ್ದದ್ದು ತನ್ನ ವೆಬ್‌ಸೈಟಿನ ಕೆಳಮೂಲೆಯಲ್ಲಿದ್ದ ಕೌಂಟರನ್ನು. ಸೈಟನ್ನು ಯಾರಾದರೂ ತೆರೆದರೆ ಅದರ ಅಂಕಿ ಒಂದು ಏರುತ್ತಿತ್ತು. ಬಂದವರು ಯಾರು, ಎಲ್ಲಿಯವರು, ಎಷ್ಟು ಹೊತ್ತು ಕೂತರು ಎಂಬುದೇನನ್ನೂ ಅದು ಹೇಳುತ್ತಿರಲಿಲ್ಲ. ಬಿಟ್ಟಿ ಸಿಕ್ಕಿದ ಕೌಂಟರ್ ಅಷ್ಟೆಲ್ಲ ಬಾಯಿ ಬಿಡುವುದಿಲ್ಲ.

ಅವನು ಕಂಪ್ಯೂಟರ್ ಆಟಗಳನ್ನು ಮಾಡುತ್ತಿದ್ದ. ಕಂಪನಿ ಇಲ್ಲ, ಜೊತೆಗಾರರಿಲ್ಲ, ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬನೇ. ಹೊಟ್ಟೆಪಾಡಿಗೆ ಒಂದು ಟ್ರೈನಿಂಗ್ ಸೆಂಟರಿನಲ್ಲಿ ಸಂಜೆ ಪಾಠ. ವರ್ಷಗಟ್ಟಲೆ ಕೂತು ಮಾಡಿದ ಆಟಕ್ಕೆ ‘ನೂಲು’ ಎಂದು ಹೆಸರಿಟ್ಟಿದ್ದ. ಗಿರಣಿಯ ಯಂತ್ರದಲ್ಲಿ ಎಳೆಗಳು ತುಂಡಾಗುತ್ತ ಹೋಗುತ್ತವೆ, ಆಡುವವರು ಓಡಾಡಿ ಅವನ್ನು ಸೇರಿಸುತ್ತ ಹೋಗಬೇಕು. ಬರಬರುತ್ತ ತುಂಡಾಗುವ ವೇಗ ಹೆಚ್ಚುತ್ತದೆ, ಕೊನೆಗೆ ಗೆಲ್ಲುವವರು ಯಾರೂ ಇಲ್ಲ. ಕಣ್ಣೆದುರಿಗೇ ಗಿರಣಿಗಳು ಬಾಗಿಲು ಹಾಕಿದ್ದನ್ನು ನೋಡುತ್ತ ಬೆಳೆದವನಿಗೆ ಇನ್ನೆಂಥ ಆಟ ಹೊಳೆದೀತು! ಆಟವನ್ನು ತನ್ನ ಸ್ವಂತ ಸೈಟಿನಲ್ಲೇ ಇಟ್ಟಿದ್ದ. ಮೇಲ್ಗಡೆ ಮೂರು ಭಾಷೆಯಲ್ಲಿ ಸ್ವಾಗತ. ಅದರಲ್ಲಿ ಕನ್ನಡದ ಸಾಲನ್ನು ಬರೆದುಕೊಟ್ಟವನು ಗೆಳೆಯ ಮೆಲ್ವಿನ್. ಅರವಿಂದನ ಮನೆಯಲ್ಲಿ ಕನ್ನಡ ಆಡುತ್ತಿದ್ದರೇ ಹೊರತು ಓದಲು ಬರೆಯಲು ಯಾರಿಗೂ ಬರುತ್ತಿರಲಿಲ್ಲ.

ಮಂಗಳೂರಿನಿಂದ ಬಂದು ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ಮೆಲ್ವಿನ್‌ಗೆ ಈ ಸೈಟು ಮೊದಲಿನಿಂದಲೂ ಹಿಡಿಸಿರಲಿಲ್ಲ.

“ನಿನಗೆ ಸ್ವಂತ ಸೈಟು ಎಂತಕ್ಕೆ ಮಾರಾಯ? ಜನ ಇರುವಲ್ಲಿಗೆ ಆಟ ತಕೊಂಡು ಹೋಗಬೇಕು. ಆಟಗಳದ್ದೇ ದೊಡ್ಡ ದೊಡ್ಡ ಪೋರ್ಟಲ್ ಉಂಟು. ಗಲ್ಲಿಯೊಳಗಿನ ನಿನ್ನ ಅಂಗಡಿ ಹುಡುಕಿಕೊಂಡು ಯಾರು ಬರ್ತಾರೆ?”

“ಬರ್ತಾನೇ ಇದಾರಲ್ಲ,” ಎಂದು ಅರವಿಂದ್ ಕೌಂಟರ್ ತೋರಿಸುತ್ತಿದ್ದ.

ಸುಳ್ಳಲ್ಲ, ಬರುತ್ತಲೇ ಇದ್ದರು. ಸೈಟು ಶುರುವಾದ ಮೊದಲ ವಾರ ಮಾತ್ರ ಕೌಂಟರ್ ಸತ್ತಂತೆ ಬಿದ್ದಿತ್ತು. ಅರವಿಂದ್ ಸರಿಯಾಗಿ ಊಟ ಮಾಡದೆ ಅದರ ಮುಂದೆಯೇ ಕೂತಿದ್ದ, ತಾಯಿ ಸರಸ್ವತಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಿದ್ದರು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಅಂಕಿ ಏರತೊಡಗಿತು. ಅಂದಿನಿಂದ ದಿನಕ್ಕೆ ನೂರರ ಆಸುಪಾಸು. ಬಂದವರಲ್ಲಿ ಒಬ್ಬರಾದರೂ ಎರಡು ಸಾಲು ಮೇಲ್ ಬರೆದಿರಲಿಲ್ಲ ಎಂಬುದು ನಿಜ. ಅದಕ್ಕೂ ಅವನ ಹತ್ತಿರ ಸಮಾಧಾನ ಸಿದ್ಧವಿತ್ತು. ಹೋಟೆಲಿನಲ್ಲಿ ಇಡ್ಲಿ ತಿಂದವರು ಮನೆಗೆ ಹೋಗಿ ಹೋಟೆಲಿನವನಿಗೆ ಕಾಗದ ಬರೆಯುತ್ತಾರೆಯೇ?

ಸಂಜೆ ಅವನು ಪಾಠ ಮುಗಿಸಿ ಬಂದರೆ ತಂದೆ ನಾರಾಯಣ ಜಗಲಿಯಲ್ಲಿ ಕಾದಿರುತ್ತಿದ್ದರು. “ಇವತ್ತು ಎಷ್ಟು ಪೇರು ಬಂದ್ರು, ಕಣ್ಣು?” ತಮಿಳಿನ ಮುದ್ದಿನಲ್ಲಿ ಮಗನನ್ನು ‘ಕಣ್ಣು’ ಎನ್ನುತ್ತಿದ್ದ ಅವರಿಗೆ, ಎಷ್ಟು ಜನ ಎಂಬುದನ್ನು ಕೇಳಿಕೊಂಡ ಮೇಲೆಯೇ ಊಟ. ನಾರಾಯಣರು ಒಂದು ಪಂಪ್‌ಸೆಟ್ ಕಂಪನಿಯ ಮಾರಾಟ ವಿಭಾಗದಲ್ಲಿದ್ದು ನಿವೃತ್ತರಾದವರು. ಡಿಸೆಂಬರ್ ಬಂದರೆ ಚೀಲದ ತುಂಬ ಕಂಪನಿ ಕ್ಯಾಲೆಂಡರ್ ತುಂಬಿಕೊಂಡು ಬಸ್ಸು ಹತ್ತುತ್ತಿದ್ದರು. ಟೀ ಅಂಗಡಿ, ಕ್ಷೌರದಂಗಡಿ, ಗೊಬ್ಬರದಂಗಡಿ, ಒಂದನ್ನೂ ಬಿಡದೆ ತಾವೇ ಮೊಳೆ ಹೊಡೆದು ನೇತುಹಾಕಿ ಬರುವುದು ಅವರ ಕೆಲಸ. ಅದರ ಹೆಮ್ಮೆ ಇನ್ನೂ ಇಳಿದಿರಲಿಲ್ಲ.

ಹೀಗಿರುವಾಗ ವಿದೇಶದ ಒಂದು ಪೋರ್ಟಲ್‌ನವರು ಅರವಿಂದನಿಗೆ ಬರೆದರು. ‘ನೂಲು’ ಆಟವನ್ನು ಹೇಗೋ ಕಂಡಿದ್ದರಂತೆ, ಮೆಚ್ಚಿದ್ದರಂತೆ. ಅವನ ಹೆಸರಿನೊಂದಿಗೇ ಪ್ರಕಟಿಸುತ್ತಾರೆ, ಮುಂದಿನ ಆಟಗಳನ್ನೂ ಅವನಿಂದಲೇ ಮಾಡಿಸುತ್ತಾರೆ. ಸಂಜೆ ಪಾಠ ಬಿಟ್ಟು ಆಟ ಮಾಡಿಕೊಂಡೇ ಬದುಕಬಹುದಿತ್ತು. ಷರತ್ತು ಒಂದೇ: ಆಟ ಅವರ ಬಳಿ ಮಾತ್ರ ಇರಬೇಕು, ಸ್ವಂತ ಸೈಟಿನಿಂದ ತೆಗೆದುಬಿಡಬೇಕು.

“ತಲೆ ಕೆಟ್ಟಿದೆಯಾ ನಿನಗೆ? ಈಗಲೇ ಹೂಂ ಅಂತ ಬರಿ,” ಎಂದು ಮೆಲ್ವಿನ್ ಕುಣಿದಾಡಿದ.

ಅರವಿಂದ್ ಎರಡು ದಿನ ನಿದ್ದೆಗೆಟ್ಟ. ದಿನವೂ ನೂರು ಜನ ತನ್ನನ್ನೇ ಹುಡುಕಿಕೊಂಡು ಬರುವಾಗ, ಬಾಗಿಲು ಹಾಕಿ ಇನ್ನೊಬ್ಬರ ಮನೆಗೆ ಹೋಗಿ ಅಂದರೆ ಹೇಗೆ? ತಂದೆಯನ್ನು ಕೇಳಿದ. “ನಂಬಿ ಬರೋರನ್ನ ಬಿಡಬಾರದು, ಕಣ್ಣು,” ಎಂದರು ನಾರಾಯಣ. ಅವನಿಗೆ ಬೇಕಾಗಿದ್ದದ್ದೂ ಅದೇ ಮಾತು. ನನ್ನ ಆಟಗಾರರು ನನ್ನ ಸೈಟಿನಲ್ಲಿದ್ದಾರೆ, ಅವರನ್ನು ಬಿಟ್ಟುಕೊಡಲಾರೆ ಎಂದು ಠೀವಿಯಿಂದ ಬರೆದು ಕಳಿಸಿಬಿಟ್ಟ. ಬಡಪಾಯಿಗೆ ಅಂದು ರಾಜನ ಹಾಗೆ ನಿದ್ದೆ ಬಂತು.

ಅದಾಗಿ ಕೆಲವು ದಿನಕ್ಕೆ ರಸ್ತೆ ಅಗೆಯುವವರು ಟೆಲಿಫೋನ್ ಕೇಬಲ್ ಕತ್ತರಿಸಿದರು. ಮನೆಯ ಇಂಟರ್ನೆಟ್ ಹೋಯಿತು. ಮೇಲ್ ನೋಡಲು ಅರವಿಂದ್ ಬಸ್ ನಿಲ್ದಾಣದ ಎದುರಿನ ದಂಡಪಾಣಿಯ ಬ್ರೌಸಿಂಗ್ ಸೆಂಟರಿಗೆ ಹೋದ. ಕೂತು ಇಂಟರ್ನೆಟ್ ತೆರೆದರೆ, ವಿಳಾಸದ ಒಂದಕ್ಷರವನ್ನೂ ಹೊಡೆಯುವ ಮೊದಲೇ, ಎದುರಿಗೆ ಅವನ ಸೈಟು! ಮೂರು ಭಾಷೆಯ ಸ್ವಾಗತ, ನೂಲಿನ ಚಿತ್ರ, ಎಲ್ಲ. ಅವನಿಗೆ ಅರ್ಥವಾಗಲಿಲ್ಲ.

ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಬಂದು ಕೂತಳು. ಅವಳ ಪರದೆಯ ಮೇಲೂ ಅದೇ. “ಇಂದ ಸನಿಯನ್ ಮರುಪಡಿಯುಂ ವಂದಿರುಚ್ಚು!” ಎಂದಳು. ಈ ಶನಿ ಮತ್ತೆ ವಕ್ಕರಿಸಿತು ಎಂದು ಗೊಣಗಿ, ಚಿತ್ರ ಪೂರ್ತಿ ಮೂಡುವ ಮೊದಲೇ ಬೇರೆ ವಿಳಾಸ ಹೊಡೆದು ತನ್ನ ಪರೀಕ್ಷೆಯ ಫಲಿತಾಂಶ ನೋಡತೊಡಗಿದಳು. ಕೆಳಮೂಲೆಯ ಕೌಂಟರಿಗೆ ಅಷ್ಟೇ ಸಾಕು, ಅದು ಒಂದು ಅಂಕಿ ಏರಿತ್ತು.

ದಂಡಪಾಣಿ ಹಲ್ಲು ಕಿರಿಯುತ್ತ ಬಂದ. “ಅಪ್ಪಾ ಸೊನ್ನಾಂಗ ತಂಬಿ. ಎಲ್ಲಾ ಮೆಷಿನ್‌ಲೆಯುಂ ಪೋಟ್ಟಾಚ್ಚು,” ಎಂದ. ನಿಮ್ಮ ಅಪ್ಪ ಹೇಳಿದರು, ಎಲ್ಲ ಯಂತ್ರಗಳಲ್ಲೂ ಹಾಕಿಬಿಟ್ಟೆ. ಯಾರು ಬಂದು ಇಂಟರ್ನೆಟ್ ತೆರೆದರೂ ಮೊದಲ ಪುಟ ಅರವಿಂದನದೇ.

ಅರವಿಂದನಿಗೆ ಲೆಕ್ಕ ಹೊಳೆಯಿತು. ಆ ನೂರು ಜನ ಇವರೇ. ಅವರು ಫಲಿತಾಂಶ ನೋಡಲು ಬಂದವರು, ಕೆಲಸಕ್ಕೆ ಅರ್ಜಿ ಹಾಕಲು ಬಂದವರು, ರೈಲಿನ ಟಿಕೆಟ್ ಹುಡುಕಲು ಬಂದವರು. ಅವನ ಆಟವನ್ನು ದಿನವೂ ನೊಣ ಓಡಿಸಿದಂತೆ ಓಡಿಸಿದವರು. ಇವರಿಗಾಗಿ ಅವನು ಪೋರ್ಟಲ್‌ನವರನ್ನು ಬಿಟ್ಟಿದ್ದ.

ಅಲ್ಲೇ ಕೂತು ಪೋರ್ಟಲ್‌ನವರಿಗೆ ಬರೆದ. ಠೀವಿಯೆಲ್ಲ ಬಿಟ್ಟು, ತಪ್ಪಾಯಿತು, ಷರತ್ತಿಗೆ ಒಪ್ಪಿದ್ದೇನೆ, ದಯವಿಟ್ಟು ಎಂದು ಅಂಗಲಾಚಿದ. ಮನೆಯಲ್ಲಿ ಏನೂ ಹೇಳಲಿಲ್ಲ. ಉತ್ತರಕ್ಕಾಗಿ ದಿನವೂ ಅದೇ ಅಂಗಡಿಗೆ ಹೋಗಿ, ದಿನವೂ ಮೊದಲು ತನ್ನದೇ ಸೈಟಿನ ಮುಖ ನೋಡಬೇಕಾಯಿತು. ಉತ್ತರ ಬಂತು. ಆ ಜಾಗಕ್ಕೆ ಬೇರೊಂದು ಆಟವನ್ನು ತೆಗೆದುಕೊಂಡಾಗಿದೆ, ಅವನ ಸೈಟು ಚೆನ್ನಾಗಿ ನಡೆಯುತ್ತಿರುವುದು ಸಂತೋಷ ಎಂದಿದ್ದರು.

ಆ ಮಧ್ಯಾಹ್ನ ಅವನು ಸಿಂಗಾನಲ್ಲೂರು ಕೆರೆಯ ದಂಡೆಯಲ್ಲಿ ಸುಮ್ಮನೆ ಕೂತ. ಮಾಡಿದ ಆಟ ಕೆಟ್ಟದ್ದಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮೆಚ್ಚಿದವರೊಬ್ಬರಿದ್ದರು, ಅವರನ್ನು ತಾನೇ ಓಡಿಸಿದ್ದ. ಸೈಟು ಮುಚ್ಚಿಬಿಡಬೇಕು, ಇವತ್ತೇ ಮುಚ್ಚಬೇಕು ಎಂದುಕೊಂಡ. ಅಪ್ಪನಿಗೆ ಏನೇನು ಅನ್ನಬೇಕು ಎಂಬುದನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡೇ ಮನೆಗೆ ಬಂದ.

ಜಗಲಿಯಲ್ಲಿ ನಾರಾಯಣ ಕಾದಿದ್ದರು. “ಎಷ್ಟು ಪೇರು, ಕಣ್ಣು?”

“ಅಪ್ಪಾ, ನೀವು ದಂಡಪಾಣಿ ಅಂಗಡೀಲಿ...”

“ನೋಡಿಬಿಟ್ಟೆಯಾ!” ಮುದುಕರ ಮುಖ ಅರಳಿತು. “ಎಲ್ಲಾ ಮೆಷಿನ್‌ನಲ್ಲೂ ಇದೆ ತಾನೇ? ಮೂಲೇಲಿರೋದ್ರಲ್ಲಿ ಹಾಕಿರಲಿಲ್ಲ ಅಂತ ಅವನ ಹತ್ರ ಜಗಳಾನೇ ಆಡಿದೆ. ಅವತ್ತು ನೀನು ಊಟ ಬಿಟ್ಟು ಕೂತಿದ್ದೆಯಲ್ಲ, ನನ್ನ ಕೈಲಿ ನೋಡೋಕೆ ಆಗಲಿಲ್ಲ. ನನಗೆ ಕಂಪ್ಯೂಟರ್ ತಿಳಿಯಲ್ಲ. ಹೆಸರನ್ನ ಗೋಡೇಲಿ ಮೊಳೆ ಹೊಡೆದು ಮಾಟ್ಟೋದು ತಿಳಿಯುತ್ತಲ್ಲ? ಕ್ಯಾಲೆಂಡರ್ ನೋಡಿ ಅವತ್ತೇ ಯಾರೂ ದುಡ್ಡು ಕೊಟ್ಟು ಪಂಪ್ ವಾಂಗಲ್ಲ. ಮೋಟಾರ್ ಸುಟ್ಟುಹೋದ ದಿನ ಆ ಹೆಸರು ತಾನಾಗಿ ಬಾಯಿಗೆ ಬರುತ್ತೆ.”

ಮೋಟಾರು ಸುಟ್ಟುಹೋದರೆ ಬಾಳೆ ಒಣಗುತ್ತದೆ, ಜನ ಹೊಸದಕ್ಕೆ ಓಡುತ್ತಾರೆ. ಆಟವಿಲ್ಲದೆ ಯಾರ ಮನೆಯಲ್ಲಿ ಏನು ಒಣಗುತ್ತದೆ? ಅರವಿಂದನಿಗೆ ಅಳು ಬಂತು.

“ಎಷ್ಟು ಪೇರು ಅಂತ ಹೇಳಲೇ ಇಲ್ಲವಲ್ಲ?”

“ನೂರಕ್ಕೆ ಮೇಲೇನೇ, ಅಪ್ಪಾ.”

ನಾರಾಯಣ ಒಳಗೆ ತಿರುಗಿ ಸರಸ್ವತಮ್ಮನಿಗೆ ಕೂಗಿ ಹೇಳಿದರು. ಆಮೇಲೆ ಹತ್ತಿರ ಕರೆದು, “ಕಾರಮಡೈನಲ್ಲಿ ನಮ್ಮ ಗೊಬ್ಬರದಂಗಡಿ ಲಿಂಗಸಾಮಿ ಮಗ ಬ್ರೌಸಿಂಗ್ ಸೆಂಟರ್ ತೆಗೆದಿದಾನಂತೆ. ನಾಳೆ ಹೋಗಿ ಅಲ್ಲೂ ಹೇಳಿ ಬರ್ತೀನಿ. ಒಂದು ಚೀಟೀಲಿ ಸೈಟಿನ ಹೆಸರು ಬರೆದುಕೊಡು, ಸ್ಪೆಲ್ಲಿಂಗ್ ತಪ್ಪಾಗಬಾರದು,” ಎಂದರು.

ಅರವಿಂದ್ ಪೆನ್ನು ತೆಗೆದುಕೊಂಡ. ಅಪ್ಪನ ಕಣ್ಣಿಗೆ ಕಾಣುವ ಹಾಗೆ ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟ.