ಕೊಬ್ಬರಿ ಅಟ್ಟದ ಹಕ್ಕಿ

ರಂಗಲಕ್ಷ್ಮಮ್ಮ ಹೇಳುತ್ತಿದ್ದ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಬಾವಿಗೆ ಬಿದ್ದವರು ಮೀನಾಗುತ್ತಿದ್ದರು, ಕಾಡಿನಲ್ಲಿ ದಾರಿ ತಪ್ಪಿದವರು ಮರವಾಗಿ ನಿಲ್ಲುತ್ತಿದ್ದರು, ಕೊಬ್ಬರಿ ಅಟ್ಟ ಹತ್ತಿದ ಅಕ್ಕ ಹಕ್ಕಿಯಾಗಿ ಹೆಂಚು ಸರಿಸಿಕೊಂಡು ಹಾರಿಹೋಗುತ್ತಿದ್ದಳು. ಮೊಮ್ಮಗಳು ಕೃತಿಕಾಗೆ ಮೂರನೆಯದೇ ಇಷ್ಟ.

ಆ ಅಕ್ಕನ ಕಿವಿ ಅಂಥಿಂಥ ಕಿವಿಯಲ್ಲ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗುವ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಗಿಟುಕು ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ತೋಟದ ಒಡೆಯ ಹೇಳಿದನಂತೆ, ಹತ್ತು ಸಾವಿರ ಕಾಯಿಯನ್ನೂ ಕೇಳಿ ನೋಡಿ ಬಾ ಎಂದು. ಅಕ್ಕ ಹತ್ತಿದಳು. ಆದ ಕಾಯನ್ನು ಒಂದು ಮೂಲೆಗೆ ಎಸೆಯುತ್ತ, ಆಗದ್ದನ್ನು ಅಲ್ಲೇ ಬಿಡುತ್ತ ಹೋದಳು. ಕೊನೆಯ ಕಾಯಿ ಮುಗಿಯುವ ಹೊತ್ತಿಗೆ ಕೈಗಳು ಎಷ್ಟು ಹಗುರಾಗಿದ್ದವೆಂದರೆ ಅವು ರೆಕ್ಕೆಯೇ ಆಗಿಹೋಗಿದ್ದವು. ಅಂದಿನಿಂದ ತೋಟದಲ್ಲಿ ಎಲ್ಲಿ ಕಾಯಿ ಬಿದ್ದರೂ ಅದು ಅಕ್ಕ ಕೇಳುವುದು: ಆಯ್ತಾ ತಂಗಿ? ಕೇಳಿಸಿಕೊಂಡವರು ಸುಮ್ಮನಿರಬಾರದು. ಆಯ್ತು ಕಣಕ್ಕ ಅನ್ನಬೇಕು.

ಸಿ.ಎಸ್. ಪುರದ ಮನೆಯ ಹಿತ್ತಲಲ್ಲಿ ಕಾಯಿ ಬಿದ್ದಾಗಲೆಲ್ಲ ಪುಟ್ಟ ಕೃತಿಕಾ ಉಣ್ಣುವ ತಟ್ಟೆ ಬಿಟ್ಟು ಓಡಿ ಹೋಗಿ ಉತ್ತರ ಕೊಟ್ಟು ಬರುತ್ತಿದ್ದಳು.

ಈಗ ಅವಳಿಗೆ ಇಪ್ಪತ್ತನಾಲ್ಕು. ತುಮಕೂರಿನ ಶಿರಾ ಗೇಟ್ ಹತ್ತಿರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದಳು. ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ಇವೆರಡರ ನಡುವೆ ಅವಳ ದಿನ. ಮುಖಂಡರ ಮೀಸೆ ದಪ್ಪ ಮಾಡುತ್ತ ಮಾಡುತ್ತ ಅವಳ ಕೈ ತಾನೇ ಮೂಲೆಯಲ್ಲೊಂದು ಹಕ್ಕಿ ಬರೆದಿರುತ್ತಿತ್ತು. "ತಾಯಿ, ನಿನ್ ಹಕ್ಕಿ ಅಳ್ಸು, ಶ್ರದ್ಧಾಂಜಲಿನಲ್ಲಿ ಹಾರಾಡ್ತಾ ಐತೆ," ಎಂದು ಮಾಲೀಕ ರವೀಶ್ ಬೈಯುತ್ತಿದ್ದ.

ಬೋರ್ಡು ಮಾಡಿಸಲು ಅಂಗಡಿಗೆ ಬಂದು ಆ ಹಕ್ಕಿಯನ್ನು ನೋಡಿ ಮೆಚ್ಚಿದವಳು ಶ್ರೀವಾಣಿ. ಗುಬ್ಬಿಯಿಂದ ಹಾಗಲವಾಡಿಗೆ ಹೋಗುವ ದಾರಿಯಲ್ಲಿರುವ ಬಂಗಲೆ ತೋಟದ ಈಗಿನ ಒಡತಿ. ಅವಳ ತಾತ ಚಂದ್ರಶೇಖರಯ್ಯನವರ ಕಾಲದಲ್ಲಿ ಅಲ್ಲಿ ನಲವತ್ತು ಜನ ದುಡಿಯುತ್ತಿದ್ದರು. ಈಗ ದನದ ಕೊಟ್ಟಿಗೆಯಲ್ಲಿ ಅನಿಕೇತ್ ಎಂಬ ಶಿಲ್ಪಿ ಜೇಡಿಮಣ್ಣು ಕಲಸುತ್ತಾನೆ, ಗಾಡಿ ಮನೆಯಲ್ಲಿ ಇಬ್ಬರು ಕ್ಯಾನ್ವಾಸ್ ಹರಡಿಕೊಂಡಿದ್ದಾರೆ, ಬಾಣಂತಿ ಕೋಣೆ ಕತ್ತಲಿದೆಯೆಂದು ಒಬ್ಬ ಫೋಟೋ ತೊಳೆಯಲು ಹಿಡಿದಿದ್ದಾನೆ. ಉಳಿದದ್ದು ಕೊಬ್ಬರಿ ಅಟ್ಟ, ಅದರ ಕೆಳಗೆ ಕಾಯಿ ಒಣಗಲೆಂದು ಹೊಗೆ ಹಾಕುತ್ತಿದ್ದ ಒಂದು ಚಿಕ್ಕ ಕೋಣೆ.

"ಆ ಕೋಣೆ ಒಂದು ವರ್ಷ ನಿಂಗೇ," ಎಂದಿದ್ದಳು ಶ್ರೀವಾಣಿ. "ಲೋಕಲ್ ಆರ್ಟಿಸ್ಟ್‌ಗೆ ಅಂತ ಇಟ್ಟಿದೀನಿ. ಬಾಡಿಗೆ ಇಲ್ಲ. ಭಾನುವಾರ ಓಪನ್ ಡೇ, ಜನ ನೋಡೋಕೆ ಬರ್ತಾರೆ. ಅಷ್ಟರೊಳಗೆ ತೋಟದ ಹಿಸ್ಟರಿ ಬರ್ಕೊಡು. ತಾರೀಖು ಇಸ್ವಿ ಯಾರಿಗೆ ಬೇಕು? ಊರವ್ರ ಬಾಯಲ್ಲಿ ಇರೋ ಕಥೆ ಬೇಕು."

ಕೃತಿಕಾ ಆ ಕೋಣೆಯನ್ನು ನೋಡಿ ಬಂದಳು. ಸುಣ್ಣ ಬಳಿದ ಗೋಡೆ, ಅಟ್ಟ ಮುಚ್ಚದ ಮೂಲೆಯ ಮೇಲೊಂದು ಗಾಜಿನ ಹೆಂಚು, ಅದರಿಂದ ನೆಲಕ್ಕೆ ಬಿದ್ದ ಅಂಗೈಯಗಲ ಬಿಸಿಲು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಮೇಜನ್ನು ಎಲ್ಲಿ ಹಾಕಬೇಕು, ಹಕ್ಕಿಗಳನ್ನು ಯಾವ ಗೋಡೆಗೆ ತೂಗುಹಾಕಬೇಕು ಎಂದು ಯೋಚಿಸುತ್ತ ತನ್ನ ಸ್ಟಾಪು ದಾಟಿ ಎರಡು ಕಿಲೋಮೀಟರು ಮುಂದೆ ಹೋಗಿಬಿಟ್ಟಳು. ಇಷ್ಟು ದಿನ ಬದುಕಿದ್ದೇ ಆ ಬಿಸಿಲಿನ ತುಂಡಿಗಾಗಿ ಅನ್ನಿಸಿತು.

ಅವಳು ಅಜ್ಜಿಯ ಕಥೆಯನ್ನೇ ಬರೆದುಕೊಟ್ಟಳು. ಬೇರೆ ಇತಿಹಾಸ ಅವಳಿಗೆಲ್ಲಿ ಗೊತ್ತು? ಕಥೆಯ ಅಟ್ಟ ಆ ತೋಟದ್ದೇ ಎಂದು ಮಾತ್ರ ಗೊತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ಬಸ್ಸು ಆ ಗೇಟಿನ ಮುಂದೆ ಹಾಯುವಾಗ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಹೊಗೆ ವಾಸ್ನೆ," ಅಂದಿದ್ದಳು. ಹೊರಗೆ ಎಲ್ಲೂ ಹೊಗೆ ಇರಲಿಲ್ಲ. ಊರಿನ ಹಳಬರು ಅಜ್ಜಿಯನ್ನು ಹೊಗೆ ರಂಗಿ ಅನ್ನುತ್ತಿದ್ದರು. ಸೌದೆ ಒಲೆ ಬಿಡದ ಹಟಕ್ಕೆ ಬಂದ ಹೆಸರೆಂದು ಕೃತಿಕಾ ತಿಳಿದಿದ್ದಳು.

ಕಥೆ ಓದಿದ ಶ್ರೀವಾಣಿ ಕುಣಿದಾಡಿದಳು. ಅನಿಕೇತ್ ಅಟ್ಟಕ್ಕೆ ಮುನ್ನೂರು ಕಾಯಿ ತುಂಬಿಸಿದ. ಬಂದವರು ಹತ್ತಬೇಕು, ಕಾಯಿ ಅಲ್ಲಾಡಿಸಬೇಕು, ಆದದ್ದನ್ನು ಮೂಲೆಗೆ ಎಸೆಯಬೇಕು. ಕೆಳಗೆ ನಿಜವಾದ ಹೊಗೆ. ಅದನ್ನು ಹಾಕುವವಳು ಕಥೆ ಹೇಳಿದ ಅಜ್ಜಿಯೇ ಆಗಬೇಕು.

"ಅಜ್ಜಿ ಬರ್ಲಿಲ್ಲ ಅಂದ್ರೆ ಇದೆಲ್ಲ ಬರೀ ಡೆಕೊರೇಷನ್," ಎಂದಳು ಶ್ರೀವಾಣಿ. "ಅವ್ರು ಬಂದ್ರೆ ಕೋಣೆ ನಿಂದು ಅಂತ್ಲೇ ತಿಳ್ಕೋ."

ರಂಗಲಕ್ಷ್ಮಮ್ಮನಿಗೆ ಎಪ್ಪತ್ತಾರು. ಬಂಗಲೆ ತೋಟ ಅಂದೊಡನೆ ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು.

"ಆ ತೋಟದ್ ದಾರಿ ನಂಗೆ ಮರ್ತೋಗೈತೆ."

"ಕಾರ್ ಕಳಿಸ್ತಾರೆ ಅಜ್ಜಿ. ನೀನ್ ದಾರಿ ತೋರ್ಸೋದೇನ್ ಬ್ಯಾಡ."

"ಗೋಡೆಗೆ ಬಣ್ಣ ಬಳಿಯಾಕೆ ಬೆಂಗ್ಳೂರಿಂದ ಬಂದವ್ರೇನೆ? ನಮ್ಮೂರಾಗೆ ಪೇಂಟ್ರು ಸತ್ತೋದ್ರಾ?"

"ತಮಾಷೆ ಬ್ಯಾಡ. ಬರ್ತೀಯೋ ಇಲ್ವೋ ಹೇಳು."

"ಇಲ್ಲ ಕಣ್ ಮಗ."

ಕೃತಿಕಾ ಎರಡು ದಿನ ಅಜ್ಜಿಯ ಕೈಯಿಂದ ನೀರು ಸಹ ಇಸಿದುಕೊಳ್ಳಲಿಲ್ಲ. ಮೂರನೆಯ ದಿನ ಮುದುಕಿಗೆ ಕೇಳಿಸುವಂತೆ ಗೋಡೆಯ ಕಡೆ ತಿರುಗಿ ಅತ್ತಳು. ತಾನು ಅತ್ತರೆ ಅಜ್ಜಿ ತಡೆಯಲಾರಳು ಎಂದು ಅವಳಿಗೆ ಎರಡು ವರ್ಷದವಳಿದ್ದಾಗಿನಿಂದ ಗೊತ್ತು.

"ಕೋಣೆ ಸಿಕ್ತದಾ ನಿಂಗೆ?" ಎಂದಳು ರಂಗಲಕ್ಷ್ಮಮ್ಮ ಕೊನೆಗೆ.

"ಸಿಕ್ತದೆ."

"ಹಂಗಾರೆ ನಡಿ."

ಭಾನುವಾರ ಹತ್ತು ಗಂಟೆಗೆ ತೋಟದ ತುಂಬ ಜನ. ಗೇಟಿನಲ್ಲಿ ಕೃತಿಕಾಳೇ ಡಿಸೈನ್ ಮಾಡಿದ ಬೋರ್ಡು, ಅದರಲ್ಲಿ ಪೇಟ ಸುತ್ತಿದ ಚಂದ್ರಶೇಖರಯ್ಯನವರು, ಪಕ್ಕದಲ್ಲಿ ಹಾರುವ ಹಕ್ಕಿ. ರಂಗಲಕ್ಷ್ಮಮ್ಮ ಬೋರ್ಡಿನ ಮುಂದೆ ನಿಂತಳು. ಅವಳಿಗೆ ಓದು ಬರುವುದಿಲ್ಲ. ಫೋಟೋ ನೋಡಿದಳು. ಕಾಲಲ್ಲಿದ್ದ ಚಪ್ಪಲಿಯನ್ನು ಬಿಟ್ಟು ಕೈಯಲ್ಲಿ ಹಿಡಿದುಕೊಂಡಳು.

"ಅಯ್ಯೋ ಅಜ್ಜಿ, ಹಾಕ್ಕೊಳ್ಳಿ! ಕಲ್ಲು ಚುಚ್ಚುತ್ತೆ," ಎಂದು ಶ್ರೀವಾಣಿ ಓಡಿಬಂದು ಎರಡೂ ಕೈ ಹಿಡಿದಳು.

"ಇರ್ಲಿ ಬುಡ್ರವ್ವ. ಇಲ್ಲಿ ಹಾಕ್ಕಂಡು ಅಭ್ಯಾಸ ಇಲ್ಲ."

ಹೊಗೆ ಕೋಣೆಯಲ್ಲಿ ಅನಿಕೇತ್ ಕಾಯಿ ಮಟ್ಟೆಗಳನ್ನು ಗೋಪುರದ ಹಾಗೆ ಅಂದವಾಗಿ ಪೇರಿಸಿಟ್ಟಿದ್ದ. ಇಪ್ಪತ್ತು ಮಂದಿ ಫೋನು ಎತ್ತಿ ಹಿಡಿದು ಗೋಡೆಗೆ ಒತ್ತಿ ನಿಂತರು. ಏಳೆಂಟು ಮಂದಿ ಏಣಿ ಹತ್ತಿ ಅಟ್ಟ ಸೇರಿದರು.

"ಅಜ್ಜಿ, ಹೊಗೆ ಸ್ವಲ್ಪ ಜಾಸ್ತಿನೇ ಇರ್ಲಿ," ಎಂದ ಅನಿಕೇತ್. "ಫೋಟೋದಲ್ಲಿ ಚೆನ್ನಾಗಿ ಬರುತ್ತೆ."

ರಂಗಲಕ್ಷ್ಮಮ್ಮ ಅವನ ಗೋಪುರವನ್ನು ಕಾಲಿನಿಂದ ಕೆಡವಿದಳು. ಕುಕ್ಕರಗಾಲಲ್ಲಿ ಕೂತು ಕೆಳಗೆ ಒಣ ಮಟ್ಟೆ, ಮೇಲೆ ಹಸಿ ಮಟ್ಟೆ ಇಟ್ಟು, ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟು ಕಡ್ಡಿ ಗೀರಿದಳು. ಉರಿ ಏಳಲಿಲ್ಲ. ದಪ್ಪನೆಯ ಬಿಳಿ ಹೊಗೆ ಎದ್ದು, ಅಟ್ಟದ ಹಲಗೆಗಳ ಸಂದಿಯಲ್ಲಿ ಒಂದೇ ಸಮನೆ ಏರತೊಡಗಿತು. ಅರವತ್ತಾರು ವರ್ಷದ ಹಿಂದೆ ಬಿಟ್ಟ ಕೆಲಸವನ್ನು ಕೈ ಮರೆತಿರಲಿಲ್ಲ.

ಮೇಲೆ ಯಾರೋ ಕಾಯಿ ಅಲ್ಲಾಡಿಸಿ ನಕ್ಕರು. ಮೂಲೆಗೆ ಎಸೆದರು. ದಡ್.

ಕೃತಿಕಾ ನಗುತ್ತ ಅಜ್ಜಿಯ ಕಡೆ ತಿರುಗಿದಳು. ಈಗ ಆ ಮಾತು ಬರಬೇಕು, ಆಯ್ತು ಕಣಕ್ಕ. ಎಲ್ಲರಿಗೂ ಹಾಗೆಂದು ಹೇಳಿಯೂ ಇಟ್ಟಿದ್ದಳು.

"ಒಂದು," ಎಂದಳು ರಂಗಲಕ್ಷ್ಮಮ್ಮ.

ದಡ್.

"ಎರ್ಡು. ಅವತ್ತು ನಲ್ವತ್ತೊಂದ್ರಗಂಟ ಎಣ್ಸಿದ್ದೆ."

"ಏನಜ್ಜಿ?" ಎಂದಳು ಶ್ರೀವಾಣಿ.

ಮುದುಕಿ ಯಾರ ಮುಖವನ್ನೂ ನೋಡಲಿಲ್ಲ. ಹೊಗೆಯ ಜೊತೆ ಮಾತಾಡಿದಳು.

"ನಮ್ಮಕ್ಕ ಚಿಕ್ಕಮಾರಮ್ಮ. ಹದಿನೆಂಟು ವರ್ಸ. ತಿಪಟೂರಿನ ಸಾವ್ಕಾರ್ರು ಬಂದಿದ್ರು, ಕೊಬ್ರಿ ತಗಳಾಕೆ. ಎಲ್ಲಾ ಆಗೈತೆ ಅಂದ್ರು ನಮ್ ಬುದ್ದಿಯೋರು, ಚಂದ್ರಶೇಖರಯ್ನೋರು. ಇವ್ಳು ಒಂದ್ ಕಾಯಿ ಅಲ್ಲಾಡ್ಸಿ, ಇನ್ನೂ ಆಗಿಲ್ಲ ಅಂದ್ಬುಟ್ಲು. ನಾಕ್ ಜನದ್ ಮುಂದೆ. ಒಡೆದ್ರೆ ಒಳಗೆ ನೀರು. ಸಾವ್ಕಾರ್ರು ನಕ್ಕಂಡು ಎದ್ದೋದ್ರು. ಬುದ್ದಿಯೋರು ಬೈಲಿಲ್ಲ, ಹೊಡಿಲಿಲ್ಲ. ಅಷ್ಟು ಕಿವಿ ಇದ್ರೆ ಅಷ್ಟೂ ಕೇಳ್ಕಂಡ್ ಬಾ ಅಂತ ಅಟ್ಟ ಹತ್ತಿಸಿ, ಬೀಗ ಹಾಕಿ, ಚಾವಿ ಕೋಟಿನ್ ಜೇಬ್ಗೆ ಹಾಕ್ಕಂಡ್ರು. ನಾನು ಹತ್ ವರ್ಸದವ್ಳು. ನಾ ಬರಗಂಟ ಹೊಗೆ ನಿಂತ್ರೆ ಬೆನ್ ಚರ್ಮ ಸುಲಿತೀನಿ ಅಂದ್ರು ನಂಗೆ. ಕುಣಿಗಲ್ಲಾಗೆ ಮದ್ವೆ. ಗಾಡಿ ಹತ್ತಿ ಹೊಂಟೋದ್ರು."

ದಡ್, ಎಂದಿತು ಮೇಲೆ.

"ಮರ್ತಿದ್ರಂತೆ. ಮದ್ವೆ ಮನೇಲಿ ಮೂರ್ ದಿನ ಇದ್ರು. ನಾನು ಹೊಗೆ ಹಾಕ್ತಾನೇ ಇದ್ದೆ. ಮೇಲೆ ದಡ್ ದಡ್ ಅಂತಿತ್ತು. ಆದ ಕಾಯಿ ಎಸಿತಾವ್ಳೆ ಅನ್ಕಂಡೆ. ಕೂಗಿದ್ಲು. ಕೆಲ್ಸ ಮಾಡ್ವಾಗ ಪದ ಹೇಳೋಳು ಅವ್ಳು, ಪದ ಹೇಳ್ತಾವ್ಳೆ ಅನ್ಕಂಡೆ. ಆಯ್ತಾ ಅಕ್ಕ ಅಂದೆ. ನಲ್ವತ್ತೊಂದು ಆದ್ಮೇಲೆ ಸದ್ದಿಲ್ಲ. ನಿದ್ದೆ ಮಾಡ್ತಾವ್ಳೆ, ಎದ್ದಾಳು ಅಂತ ಇನ್ನೊಂದ್ ಮಟ್ಟೆ ಇಕ್ಕಿದೆ."

ಅವಳು ಕಡ್ಡಿಯಿಂದ ಮಟ್ಟೆ ಸರಿಮಾಡಿದಳು.

"ಬುದ್ದಿಯೋರು ಬಂದು ಬೀಗ ತೆಗುದ್ರು. ಹುಡ್ಗಿ ಹೊಗೆ ಜಾಸ್ತಿ ಹಾಕ್ಬುಟ್ಟೈತೆ ಅಂದ್ರು. ಊರೂ ಹಂಗೇ ಅಂತು."

ಹಿಂದೆ ನಿಂತಿದ್ದ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಅಟ್ಟದಿಂದ ಕೆಮ್ಮುತ್ತ ಇಳಿದವರು ಏನೆಂದು ಕೇಳಿ, ತಾವೂ ತಟ್ಟಿದರು. ರಂಗಲಕ್ಷ್ಮಮ್ಮ ಗಾಬರಿಯಿಂದ ಎದ್ದು ಎಲ್ಲರಿಗೂ ಕೈಮುಗಿದಳು.

ಶ್ರೀವಾಣಿಯ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ. ಕಣ್ಣು ಒರೆಸಿಕೊಂಡು ಕೃತಿಕಾಳನ್ನು ಮಾವಿನ ಮರದ ಕೆಳಗೆ ಕರೆದೊಯ್ದಳು.

"ನಂಗೆ ಗೊತ್ತೇ ಇರ್ಲಿಲ್ಲ ಕಣೆ. ಹಕ್ಕಿ ಕಥೆ ಇದರ ಮುಂದೆ ಏನೂ ಅಲ್ಲ. ನಾಲ್ಕು ಗಂಟೆಗೆ ಬೆಂಗಳೂರಿನ ಗ್ಯಾಲರಿಯವ್ರು ಬರ್ತಾರೆ, ಇದನ್ನೇ ಹೇಳ್ಸು. ಆದ್ರೆ..." ಅವಳು ಗೇಟಿನ ಬೋರ್ಡಿನ ಕಡೆ ನೋಡಿದಳು. "ತಾತನ ಹೆಸರು ಬೇಡ. ಬೀಗ, ಚಾವಿ, ಮದುವೆ, ಅದೂ ಬೇಡ. ಯೋಚ್ನೆ ಮಾಡು, ಅದಿಲ್ದೇ ಇದ್ರೂ ಸ್ಟೋರಿ ನಿಲ್ಲುತ್ತೆ. ಒಂದು ಮಗು, ಹೊಗೆ, ಮೇಲೆ ಅಕ್ಕ. ಇನ್ನೂ ಪ್ಯೂರ್ ಆಗುತ್ತೆ ಅಲ್ವಾ?"

ಹಾಗೆನ್ನುತ್ತ ಕೃತಿಕಾಳ ಅಂಗೈಯಲ್ಲಿ ಕೋಣೆಯ ಚಾವಿ ಇಟ್ಟು ಬೆರಳುಗಳನ್ನು ತಾನೇ ಮಡಿಸಿದಳು. "ನಾಳೆ ಹೊಗೆ ಎಲ್ಲ ತೊಳ್ಸಿ ಕೊಡ್ತೀನಿ."

ಕಥೆ ಕೇಳಿಯೇ ಬೆಳೆದ ಕೃತಿಕಾಗೆ ಯಾವ ಕಥೆ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂದು ಬಲ್ಲ ಕಿವಿಯಿತ್ತು. ಈ ಕಥೆಯನ್ನೂ ಅಲ್ಲಾಡಿಸಿ ನೋಡಿದಳು. ನಿಲ್ಲುತ್ತಿತ್ತು. ಕಥೆಯಿಂದ ಬೀಗ ತೆಗೆದುಬಿಟ್ಟರೆ ಅಕ್ಕನನ್ನು ಕೊಂದವಳು ಅಜ್ಜಿ ಒಬ್ಬಳೇ ಆಗುತ್ತಾಳೆ, ಅದೂ ತಿಳಿಯಿತು. ಅವಳಿಗೆ ನೆಲದ ಮೇಲಿನ ಬಿಸಿಲು ಕಂಡಿತು, ಬಿಸಿಲಿನಲ್ಲಿ ಮೇಜು, ಮೇಜಿನ ಮೇಲೆ ಒಣಗುತ್ತಿರುವ ಹಕ್ಕಿಗಳು.

ರಂಗಲಕ್ಷ್ಮಮ್ಮ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು, ಅನಿಕೇತ್ ಮಾಡಿದ ಮಣ್ಣಿನ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು.

"ಮನೆಗ್ ಹೋಗಾಣೇನೆ?"

"ಇನ್ನೊಂದ್ಸಲ ಅಜ್ಜಿ. ನಾಕ್ ಗಂಟೆಗೆ."

"ಅದೇನಾ?"

"ಅದೇ. ಆದ್ರೆ ಬುದ್ದಿಯೋರ್ ಮಾತು ಬ್ಯಾಡ. ಬೀಗ ಹಾಕಿದ್ದು, ಚಾವಿ ಜೇಬಲ್ಲಿ ಇದ್ದಿದ್ದು ಬ್ಯಾಡ. ಅಕ್ಕ ಮೇಲಿದ್ಲು, ನಾನು ಹೊಗೆ ಹಾಕ್ದೆ. ಅಷ್ಟೇ ಹೇಳು."

ಮುದುಕಿ ಮೊಮ್ಮಗಳ ಮುಷ್ಟಿಯನ್ನು ನೋಡಿದಳು. ಅಲ್ಲಿಂದ ಚಾವಿಯ ದಾರ ಜೋತಾಡುತ್ತಿತ್ತು.

"ಅವ್ರೂ ಹಿಂಗೇ ಹೇಳ್ಕೊಟ್ಟಿದ್ರು ಕಣೆ," ಎಂದಳು. "ಬೀಗದ್ ಮಾತು ಎತ್ಬ್ಯಾಡ, ಹೊಗೆ ಮಾತ್ರ ಹೇಳು ಅಂತ. ಒಂದ್ ಅಚ್ಚು ಬೆಲ್ಲ ಕೊಟ್ಟಿದ್ರು."

ಕೃತಿಕಾ ದಾರವನ್ನು ಮುಷ್ಟಿಯೊಳಕ್ಕೆ ಸುತ್ತಿಕೊಂಡಳು.

"ಸರಿ ಬುಡು," ಎಂದು ರಂಗಲಕ್ಷ್ಮಮ್ಮ ಲೋಟ ಕೆಳಗಿಟ್ಟಳು. "ನಾನ್ ಎಲ್ ನಿಂತ್ಕಳ್ಳಿ?"

ನಾಲ್ಕು ಗಂಟೆಗೆ ಕೃತಿಕಾ ಅಜ್ಜಿಯ ಎರಡೂ ಭುಜ ಹಿಡಿದು, ಗಾಜಿನ ಹೆಂಚಿನ ಬೆಳಕು ಸರಿಯಾಗಿ ಮುಖಕ್ಕೆ ಬೀಳುವಲ್ಲಿ ನಿಲ್ಲಿಸಿದಳು. ಹೊಗೆ ಎದ್ದಿತು. ಬೆಳಿಗ್ಗೆಗಿಂತ ಜನ ಹೆಚ್ಚು, ಬಾಗಿಲಾಚೆಗೂ ನಿಂತಿದ್ದರು.

"ನಮ್ಮಕ್ಕ ಅಟ್ಟದ್ ಮೇಲಿದ್ಲು," ಎಂದಳು ರಂಗಲಕ್ಷ್ಮಮ್ಮ. "ನಾನೇ ಹೊಗೆ ಹಾಕ್ದೆ."

ಮೇಲೆ ಕಾಯಿ ಬಿತ್ತು. ದಡ್.

ಅಜ್ಜಿ ಮಾತು ನಿಲ್ಲಿಸಿ ಮೊಮ್ಮಗಳ ಕಡೆ ನೋಡಿದಳು. ಹಿತ್ತಲಿಗೆ ಓಡಿ ಉತ್ತರ ಕೊಟ್ಟು ಬರುತ್ತಿದ್ದ ಹುಡುಗಿಯನ್ನು ಕಾಯುವ ಹಾಗೆ, ಕಾಯುತ್ತ ನಿಂತಳು. ಕೃತಿಕಾಳ ಮುಷ್ಟಿ ಬಿಗಿಯಾಯಿತು, ಚಾವಿಯ ಹಲ್ಲು ಅಂಗೈಗೆ ಒತ್ತಿತು.

"ಸ್ವಲ್ಪ ಜೋರಾಗಿ ಅಜ್ಜಿ," ಎಂದಳು. "ಹಿಂದಿರೋರ್ಗೆ ಕೇಳುಸ್ತಿಲ್ಲ."